ಐದು ಕೊರಳು, ಒಂದೇ ಸ್ಪೀಕರು

ಈ ಸಲದ ಪ್ರಶ್ನೆಗಳೆಲ್ಲ ಅಮೆರಿಕದ ಡೂ-ವಾಪ್ ಹಾಡುಗಳನ್ನೂ ಅವನ್ನು ದಶಕಗಳ ಕಾಲ ಬದುಕಿಸಿಕೊಂಡು ಬಂದ ‘ಓಲ್ಡೀಸ್’, ಅಂದರೆ ಹಳೆಯ ಹಾಡುಗಳ, ರೇಡಿಯೊವನ್ನೂ ಕುರಿತವು. ಹಾಡುವವರು, ರೆಕಾರ್ಡು ಕೂಡಿಡುವವರು, ರಾತ್ರಿ ರೇಡಿಯೊ ತಿರುಗಿಸುತ್ತ ಕೂರುವವರು ಮೂರೂ ಬಗೆಯವರು ಕೇಳಿದ್ದಾರೆ.

ಪ್ರ: ಹಳೆಯ ಇಂಗ್ಲಿಷ್ ಹಾಡು ಯಾವುದು ಕೇಳಿಬಂದರೂ ‘ಇದು ಡೂ-ವಾಪ್’ ಎನ್ನುತ್ತಾರೆ. ನಿಜವಾಗಿ ಯಾವುದಕ್ಕೆ ಆ ಹೆಸರು?

ಉ: ಒಂದು ಸುಲಭ ಪರೀಕ್ಷೆಯಿದೆ. ಮುಖ್ಯ ಗಾಯಕನ ಹಿಂದಿರುವ ಕೊರಳುಗಳನ್ನು ಮನಸ್ಸಿನಲ್ಲೇ ತೆಗೆದುಹಾಕಿ. ಹಾಡು ಕುಸಿದುಬಿದ್ದರೆ ಅದು ಡೂ-ವಾಪ್. ಏನೂ ಆಗದೆ ಮುಂದೆ ಸಾಗಿದರೆ ಅದು ಬೇರೆ ಯಾವುದೋ ಹಾಡು. ಇಲ್ಲಿ ಹಿಂದಿನವರು ಅರ್ಥವಿಲ್ಲದ ಅಕ್ಷರಗಳಲ್ಲಿ ತಾಳವನ್ನೂ ಸ್ವರಮೇಳವನ್ನೂ ಕಟ್ಟುತ್ತಾರೆ. ಬಾಸ್ ದನಿಯವನು ಡಬಲ್ ಬಾಸ್ ವಾದ್ಯದ ಕೆಲಸ ಮಾಡುತ್ತಾನೆ, ಎಲ್ಲರ ಮೇಲೆ ಒಂದು ಕಳ್ಳದನಿ, ಅಂದರೆ ಫಾಲ್ಸೆಟ್ಟೊ, ತೇಲುತ್ತದೆ.

1940ರ ದಶಕದ ಕೊನೆಯಿಂದ 1960ರ ದಶಕದ ಆರಂಭದವರೆಗೆ ಬಾಲ್ಟಿಮೋರ್, ನ್ಯೂಯಾರ್ಕಿನ ಹಾರ್ಲೆಮ್, ಫಿಲಡೆಲ್ಫಿಯಾ, ಶಿಕಾಗೊ, ಲಾಸ್ ಏಂಜಲೀಸ್ ನಗರಗಳ ಕರಿಯ ಯುವಕರು ಬೀದಿ ಮೂಲೆಗಳಲ್ಲಿ, ಶಾಲೆಯ ಮೆಟ್ಟಿಲುಗಳಲ್ಲಿ ನಿಂತು ರೂಪಿಸಿದ ಸಂಗೀತ ಇದು. ಬಾಲ್ಟಿಮೋರಿನ ಓರಿಯೋಲ್ಸ್ ತಂಡದ 1948ರ ರೆಕಾರ್ಡಿನಿಂದ ಕೇಳಲು ಶುರುಮಾಡಿದರೆ ಬೇರು ಸಿಗುತ್ತದೆ. ಆಮೇಲೆ ಬ್ರಾಂಕ್ಸಿನ ಇಟಲಿ ಮೂಲದ ಹುಡುಗರೂ ಸೇರಿಕೊಂಡರು. ಡಿಯಾನ್ ಜೊತೆ ಹಾಡಿದ ಬೆಲ್ಮಾಂಟ್ಸ್ ತಂಡದ ಹೆಸರು ಅಲ್ಲಿನ ಬೆಲ್ಮಾಂಟ್ ಅವೆನ್ಯೂ ರಸ್ತೆಯದು. ಖರ್ಚು ತೀರಾ ಕಡಿಮೆ: ಫೈವ್ ಸ್ಯಾಟಿನ್ಸ್ ತಂಡದ ಅತಿ ಪ್ರಸಿದ್ಧ ಹಾಡು 1956ರಲ್ಲಿ ಮುದ್ರಣವಾದದ್ದು ನ್ಯೂ ಹೇವನ್ ಊರಿನ ಒಂದು ಚರ್ಚಿನ ನೆಲಮಾಳಿಗೆಯಲ್ಲಿ. ಹೆಸರಂತೂ ತಡವಾಗಿ ಬಂತು. ಈ ಶೈಲಿಯನ್ನು ಡೂ-ವಾಪ್ ಎಂದು ಕರೆದದ್ದು ಅಚ್ಚಿನಲ್ಲಿ ಕಾಣಿಸಿದ್ದು 1961ರಲ್ಲಿ, ಶಿಕಾಗೊ ಡಿಫೆಂಡರ್ ಪತ್ರಿಕೆಯಲ್ಲಿ. ಅಷ್ಟು ಹೊತ್ತಿಗೆ ಅದರ ಒಳ್ಳೆಯ ದಿನಗಳು ಮುಗಿಯುತ್ತ ಬಂದಿದ್ದವು.

ಪ್ರ: ನಾವು ಐದು ಮಂದಿ ಗೆಳೆಯರು ವಾದ್ಯವಿಲ್ಲದೆ ಈ ಶೈಲಿಯಲ್ಲಿ ಹಾಡಬೇಕೆಂದಿದ್ದೇವೆ. ಕರ್ನಾಟಕ ಸಂಗೀತ ಅಲ್ಪಸ್ವಲ್ಪ ಗೊತ್ತು, ಪಾಶ್ಚಾತ್ಯ ನೊಟೇಶನ್ ಬಾರದು. ಹಿನ್ನೆಲೆಯವರು ಏನು ಹಾಡಬೇಕೆಂಬುದೇ ತಿಳಿಯುತ್ತಿಲ್ಲ.

ಉ: ನೊಟೇಶನ್ ಬೇಕಿಲ್ಲ, ಶಂಕರಾಭರಣದ ಸ್ವರಗಳು ಸಾಕು. ಈ ಹಾಡುಗಳಲ್ಲಿ ಬಹಳಷ್ಟು ನಾಲ್ಕೇ ಹೆಜ್ಜೆಯ ಒಂದು ಚಕ್ರದಲ್ಲಿ ಸುತ್ತುತ್ತವೆ. ಬಾಸ್ ದನಿಯವರು ಮಧ್ಯ ಸ್ಥಾಯಿಯ ಸ ಹಿಡಿದು, ಅಲ್ಲಿಂದ ಮಂದ್ರದ ದ, ಮ, ಪ ಸ್ವರಗಳಿಗೆ ಹೋಗಲಿ. ಗಿಟಾರಿನವರು ‘ಸಿ, ಎ ಮೈನರ್, ಎಫ್, ಜಿ’ ಎನ್ನುವುದು ಇದನ್ನೇ. ಅದರ ಮೇಲೆ ಉಳಿದ ಮೂವರು, ಅಂದರೆ ನಡುದನಿಯ ಬ್ಯಾರಿಟೋನ್ ಮತ್ತು ಮೇಲುದನಿಯ ಇಬ್ಬರು ಟೆನರುಗಳು, ಹೀಗೆ ನಿಲ್ಲಲಿ:

ಬ್ಯಾರಿಟೋನ್: ಗ – ಗ – ಮ – ಮ
ಎರಡನೇ ಟೆನರ್: ಪ – ದ – ದ – ಪ
ಮೊದಲನೇ ಟೆನರ್: ತಾರ ಸ – ಸ – ಸ – ನಿ

ಐದನೆಯವರು ಮುಖ್ಯ ಗಾಯಕ. ಈ ಮೂರು ಸಾಲುಗಳನ್ನು ಬೆರಳಿಟ್ಟು ನೋಡಿ: ಯಾರೂ ಒಂದು ಸ್ವರಕ್ಕಿಂತ ದೂರ ಜಿಗಿಯುವುದಿಲ್ಲ, ಪ್ರತಿ ತಿರುವಿನಲ್ಲೂ ಯಾರಾದರೊಬ್ಬರು ಇದ್ದಲ್ಲೇ ಇರುತ್ತಾರೆ. ಡೂ-ವಾಪಿನ ನುಣುಪು ಬರುವುದು ಇಲ್ಲಿಂದ. ಕೊನೆಯ ಹೆಜ್ಜೆಯಲ್ಲಿ ಮ ಮತ್ತು ನಿ ಒಟ್ಟಿಗೆ ನಿಂತಾಗ ಕಿವಿಗೊಂದು ಚಡಪಡಿಕೆಯಾಗುತ್ತದೆ. ಮ ಕೆಳಗಿಳಿದು ಗ ಆದಾಗ, ನಿ ಮೇಲೇರಿ ಸ ಆದಾಗ ಅದು ತೀರುತ್ತದೆ, ಚಕ್ರ ಮತ್ತೆ ಮೊದಲಾಗುತ್ತದೆ.

ನಡೆ ತಿಶ್ರ. ನಿಧಾನದ ಹಾಡಿಗೆ ನಿಮಿಷಕ್ಕೆ 60ರಿಂದ 75 ಎಣಿಕೆ, ಪ್ರತಿ ಎಣಿಕೆಯೊಳಗೆ ಒಂದು ‘ತಕಿಟ’. ಹಾಡಿಗೆ ತಕ್ಕಂತೆ ಒಂದೊಂದು ಹೆಜ್ಜೆಗೆ ಎರಡು ಅಥವಾ ನಾಲ್ಕು ಎಣಿಕೆ. ಸಿ ಶ್ರುತಿಯಲ್ಲಿ ಶುರುಮಾಡಿ. ಬಾಸ್‌ನವರಿಗೆ ಮಂದ್ರ ಮ ಸ್ಪಷ್ಟವಾಗಿ ಬಾರದಿದ್ದರೆ ಶ್ರುತಿಯನ್ನು ಒಂದೆರಡು ಅರ್ಧಸ್ವರ ಏರಿಸಿ. ಫ್ರ್ಯಾಂಕಿ ಲೈಮನ್ ಹಾಡಿದ ಹಾಡುಗಳನ್ನು ಆಯ್ದುಕೊಂಡರೆ ಮೂಲ ಶ್ರುತಿಯ ಆಸೆ ಬಿಡಿ. 1956ರಲ್ಲಿ ಅವನ ಹಾಡು ಜನಪ್ರಿಯವಾದಾಗ ಅವನಿಗೆ 13 ವರ್ಷ, ಕಂಠ ಒಡೆದಿರಲಿಲ್ಲ. ದೊಡ್ಡವರು ನಾಲ್ಕೈದು ಅರ್ಧಸ್ವರವಾದರೂ ಇಳಿಸಬೇಕು.

ತಪ್ಪುವುದು ಎಲ್ಲಿ? ಹಾಡು ಮುಗಿಯುವ ಹೊತ್ತಿಗೆ ಶ್ರುತಿ ಇಳಿದಿರುತ್ತದೆ. ಮೊದಲು ಅನುಮಾನ ಪಡಬೇಕಾದ್ದು ಒಂದೇ ಸ್ವರವನ್ನು ಮತ್ತೆ ಮತ್ತೆ ಹಾಡುವವರ ಮೇಲೆ. ಬ್ಯಾರಿಟೋನಿನ ಎರಡನೇ ಗ, ಮೊದಲ ಟೆನರಿನ ಮೂರನೇ ಸ ಸದ್ದಿಲ್ಲದೆ ಜಾರುತ್ತವೆ. ಬಾಸ್ ಮತ್ತು ಬ್ಯಾರಿಟೋನ್ ಇಬ್ಬರನ್ನೇ ಕೂರಿಸಿ ಹತ್ತು ಚಕ್ರ ಹಾಡಿಸಿ, ಕೊನೆಯಲ್ಲಿ ಶ್ರುತಿಪೆಟ್ಟಿಗೆ ಹಾಕಿ ನೋಡಿ. ಆಮೇಲೆ ಟೆನರುಗಳನ್ನು ಸೇರಿಸಿ. ಎರಡನೆಯದು ಸ್ವರಾಕ್ಷರ. ಒಬ್ಬರು ‘ಊ’ ಎನ್ನುವಾಗ ಪಕ್ಕದವರು ‘ಓ’ ಕಡೆ ಬಾಯಿ ತೆರೆದರೆ ಸ್ವರ ಸರಿಯಿದ್ದರೂ ಮೇಳ ಒಡೆದಂತೆ ಕೇಳುತ್ತದೆ. ಒಬ್ಬರ ತುಟಿ ಒಬ್ಬರು ನೋಡಿಕೊಂಡು ಅರ್ಧವೃತ್ತದಲ್ಲಿ ನಿಲ್ಲಿ. ಉಸಿರನ್ನು ಸರದಿಯಂತೆ ತೆಗೆದುಕೊಳ್ಳಿ, ಮೂವರೂ ಒಟ್ಟಿಗೆ ತೆಗೆದುಕೊಂಡರೆ ಹಾಡಿನಲ್ಲಿ ತೂತು ಬೀಳುತ್ತದೆ. ಬಾಸ್ ಮಾತ್ರ ‘ಊ’ ಎಳೆಯಬಾರದು. ‘ಬಮ್’, ‘ಡಮ್’ ಎಂದು ಚುಟುಕಾಗಿ ಹೊಡೆದು ನಡುವೆ ಜಾಗ ಬಿಡಬೇಕು, ತಾಳ ಕೇಳಿಸುವುದು ಆ ಜಾಗದಲ್ಲಿ.

ಮೆಟ್ಟಿಲ ಕೋಣೆಯಲ್ಲಿ, ಟೈಲ್ಸ್ ಹಾಕಿದ ಓಣಿಯಲ್ಲಿ ಹಾಡಿದರೆ ದನಿ ಗಟ್ಟಿ ಗೋಡೆಗೆ ಬಡಿದು ಮರಳಿ ಐದು ಕೊರಳನ್ನು ಹತ್ತಾಗಿಸುತ್ತದೆ. ಅಂದಿನ ಹುಡುಗರು ಅಂಥ ಜಾಗಗಳನ್ನು ಹುಡುಕಿದ್ದು ಅದಕ್ಕೇ. ಆದರೆ ಮಾರ್ದನಿ ತಪ್ಪುಗಳನ್ನೂ ಮುಚ್ಚುತ್ತದೆ. ಅಭ್ಯಾಸ ಜಮಖಾನೆ ಹಾಸಿದ ಕೋಣೆಯಲ್ಲಿ ನಡೆಯಲಿ, ಹಾಡುವುದು ಮೆಟ್ಟಿಲಲ್ಲಾಗಲಿ.

ಪ್ರ: ಹಳೆಯ 45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತಿನ) ರೆಕಾರ್ಡುಗಳನ್ನು ಕೊಂಡೆ. ಕೆಲವು ಕನ್ನಡಿಯಂತೆ ಹೊಳೆಯುತ್ತವೆ, ಹಾಕಿದರೆ ಮಾತ್ರ ‘ಸ್ಸ್’ ಎಂಬ ಸದ್ದು. ತೊಳೆದರೂ ಹೋಗಲಿಲ್ಲ.

ಉ: ಅವು ಬಹುಶಃ ವಿನೈಲ್ ಅಲ್ಲ, ಸ್ಟೈರೀನ್. ಅಮೆರಿಕದಲ್ಲಿ ಎಷ್ಟೋ 45ಗಳನ್ನು ಪಾಲಿಸ್ಟೈರೀನ್ ಕರಗಿಸಿ ಅಚ್ಚಿಗೆ ಸುರಿದು ಮಾಡುತ್ತಿದ್ದರು, ಅಗ್ಗವಾಗಿ ಬೇಗ ಆಗುತ್ತಿತ್ತು. ಗುರುತಿಸುವುದು ಹೀಗೆ: ಕೈಗೆ ಹಗುರ, ಬಗ್ಗುವುದಿಲ್ಲ, ಉಗುರಿನಿಂದ ತಟ್ಟಿದರೆ ‘ಟಿಣ್’ ಎಂಬ ತೆಳು ಸದ್ದು. ಲೇಬಲ್ ಮೇಲೆ ಅಂಟಿಸಿದಂತಿರುತ್ತದೆ, ಕೆಲವದರಲ್ಲಿ ನೇರ ಬಣ್ಣದಲ್ಲೇ ಅಚ್ಚಾಗಿರುತ್ತದೆ. ವಿನೈಲಿನಲ್ಲಾದರೆ ಲೇಬಲ್ ಬಿಸಿಯೊತ್ತಡದಲ್ಲಿ ಒಳಕ್ಕೆ ಕೂತಿರುತ್ತದೆ.

ಸ್ಟೈರೀನ್ ಗಡಸು, ಬೇಗ ಪುಡಿಯಾಗುವಂಥದ್ದು. ಸವೆದ ಮುಳ್ಳಿನಲ್ಲಿ ಕೆಲವು ಸಲ ಹಾಕಿದರೂ ಗ್ರೂವಿನ, ಅಂದರೆ ಮುಳ್ಳು ಓಡುವ ಗೀರಿನ, ಗೋಡೆ ಕೆರೆದುಹೋಗಿ ಆ ‘ಸ್ಸ್’ ಅಲ್ಲೇ ಉಳಿಯುತ್ತದೆ. ಅದು ಕೊಳೆಯಲ್ಲ, ತೊಳೆದರೆ ಹೋಗುವುದಿಲ್ಲ. ಮೊದಲ ಒಂದೆರಡು ಸೆಕೆಂಡು ಮಾತ್ರ ಸದ್ದಿದ್ದು ಆಮೇಲೆ ಹಾಡು ಶುಭ್ರವಾದರೆ ರೇಡಿಯೊ ನಿಲಯದ ಪ್ರತಿ ಎಂದು ಊಹಿಸಬಹುದು. ಡಿಜೆಗಳು ಹಾಡಿನ ಆರಂಭ ಹುಡುಕಲು ರೆಕಾರ್ಡನ್ನು ಮುಳ್ಳಿನಡಿ ಹಿಂದೆ ಮುಂದೆ ತಿರುಗಿಸಿದ ಗಾಯ ಅದು. ಕೊಳ್ಳುವ ಮುನ್ನ ಮೊದಲ ಹತ್ತು ಸೆಕೆಂಡು ಕೇಳಿಸಿಕೊಳ್ಳಿ, ಹೊಳಪನ್ನು ನಂಬಬೇಡಿ.

ತೊಳೆಯಲು ಒಂದು ಲೀಟರ್ ಡಿಸ್ಟಿಲ್ಡ್ ನೀರು, ಅದಕ್ಕೆ ಫೋಟೊ ಫಿಲ್ಮ್ ತೊಳೆಯಲು ಬಳಸುವ ವೆಟಿಂಗ್ ಏಜೆಂಟ್ ನಾಲ್ಕೈದು ಹನಿ. ಮೃದು ಬ್ರಷ್ಷನ್ನು ಗ್ರೂವಿನ ಸುತ್ತಿಗೆ ಅನುಸಾರವಾಗಿ ಆಡಿಸಿ, ಬರೀ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ ತೊಳೆದು ನಿಲ್ಲಿಸಿ ಒಣಗಿಸಿ. ಲೇಬಲ್ ನೆನೆಯದಿರಲಿ. 78 ಆರ್‌ಪಿಎಂ ತಟ್ಟೆಗಳಿದ್ದರೆ ಒಂದು ಎಚ್ಚರಿಕೆ: ಅವು ಅರಗಿನವು, ಆಲ್ಕೊಹಾಲ್ ಇರುವ ಯಾವ ದ್ರಾವಣವೂ ಅರಗನ್ನು ಕರಗಿಸುತ್ತದೆ.

ಪ್ರ: ಅದೇ ಹಾಡುಗಳಿಗೆ ಯಾವ ಮುಳ್ಳು ಹಾಕಬೇಕು?

ಉ: ಮಾನೊ ಕಾಲದ, ಅಂದರೆ ಎಡ ಬಲ ಬೇರೆಯಿಲ್ಲದೆ ಒಂದೇ ದನಿಯಿದ್ದ ಕಾಲದ, 45ಕ್ಕೆ 25 ಮೈಕ್ರಾನ್ ತುದಿಯ, ಶಂಕುವಿನಾಕಾರದ ಮುಳ್ಳು. ಈಗಿನ ಸ್ಟೀರಿಯೊ ಮುಳ್ಳಿನ ತುದಿ ಸುಮಾರು 18 ಮೈಕ್ರಾನ್, ಅಗಲವಾದ ಹಳೆ ಗ್ರೂವಿನಲ್ಲಿ ಅದು ಇನ್ನಷ್ಟು ತಳಕ್ಕಿಳಿದು ಕೊಳೆಯ ಮೇಲೆ ಓಡಬಹುದು. ಎರಡನ್ನೂ ಹಾಕಿ ನೋಡಿ. ಒಂದು ಎತ್ತರದಲ್ಲಿ ಸವೆದಿರುವ ಗೋಡೆ ಇನ್ನೊಂದು ಎತ್ತರದಲ್ಲಿ ಹೊಸದಾಗಿರುವುದುಂಟು. ಮುಳ್ಳಿನ ತೂಕವನ್ನು ಕಾರ್ಟ್ರಿಜ್ (ಮುಳ್ಳು ಕೂರುವ ಭಾಗ) ತಯಾರಕರು ಹೇಳಿದ ಮಿತಿಯ ಮೇಲ್ತುದಿಯಲ್ಲಿಡಿ, ಹಗುರವಾದರೆ ಮುಳ್ಳು ಕುಣಿದು ಗೋಡೆಗೆ ಹೆಚ್ಚು ಏಟು. 78ಕ್ಕೆ ಬೇರೆಯೇ ಮುಳ್ಳು ಬೇಕು, ತುದಿ ಸುಮಾರು 75 ಮೈಕ್ರಾನ್.

ಆಂಪ್ಲಿಫೈಯರಿನಲ್ಲಿ ‘ಮಾನೊ’ ಗುಂಡಿಯಿದ್ದರೆ ಒತ್ತಲು ಮರೆಯಬೇಡಿ. ಮಾನೊ ರೆಕಾರ್ಡಿನಲ್ಲಿ ಹಾಡು ಇರುವುದು ಮುಳ್ಳಿನ ಅಡ್ಡ ಚಲನೆಯಲ್ಲಿ ಮಾತ್ರ. ಮೇಲೆ ಕೆಳಗೆ ಕುಣಿದರೆ ಬರುವುದು ಬರೀ ಗದ್ದಲ, ಎರಡು ಚಾನೆಲ್ ಕೂಡಿಸಿದೊಡನೆ ಅದು ಪರಸ್ಪರ ವಜಾ ಆಗುತ್ತದೆ. ಸಾವಿರಾರು ಖರ್ಚು ಮಾಡಿದರೂ ಸಿಗದ ಶುಭ್ರತೆ ಈ ಒಂದು ಗುಂಡಿಯಲ್ಲಿದೆ.

ಪ್ರ: ರೇಡಿಯೊದಲ್ಲಿ ಕೇಳಿ ಬೆಳೆದ ಹಾಡು ಚುರುಕಾಗಿತ್ತು. ಅದೇ ಹಾಡಿನ ರೆಕಾರ್ಡು ತಂದರೆ ಮಂಕು. ಟರ್ನ್‌ಟೇಬಲ್ ಕೆಟ್ಟಿದೆಯೇ?

ಉ: ಮೊದಲು ಅದನ್ನೇ ತಿಳಿದುಕೊಳ್ಳಿ. 60 ಹರ್ಟ್ಸ್ ಕರೆಂಟಿನ ಅಮೆರಿಕದಲ್ಲಿ 160 ಗೆರೆಗಳ ಸ್ಟ್ರೋಬ್ ತಟ್ಟೆ (ವೇಗ ನೋಡಲು ಟರ್ನ್‌ಟೇಬಲ್ ಮೇಲಿಡುವ ಗೆರೆಗಳ ಬಿಲ್ಲೆ) 45 ಆರ್‌ಪಿಎಂಗೆ ಸರಿಯಾದದ್ದು. ನಿಯಾನ್ ದೀಪದಡಿ ಗೆರೆಗಳು ನಿಂತಂತೆ ಕಂಡರೆ ವೇಗ ಸರಿ, ಹಿಂದಕ್ಕೆ ಸರಿದರೆ ನಿಧಾನ. ಎಷ್ಟೋ ಎಲ್ಇಡಿ ಬಲ್ಬುಗಳು ಮಿನುಗುವುದೇ ಇಲ್ಲ, ಅವುಗಳಡಿ ನೋಡಿ ಮೋಸಹೋಗಬೇಡಿ. ಪರೀಕ್ಷೆಯ ಹೊತ್ತಿನಲ್ಲಿ ಮುಳ್ಳು ರೆಕಾರ್ಡಿನ ಮೇಲೇ ಇರಬೇಕು, ಸಡಿಲ ಬೆಲ್ಟಿನ ತೊಂದರೆ ಬಯಲಾಗುವುದು ಆಗಲೇ.

ವೇಗ ಸರಿಯಿದ್ದರೆ ನಿಮ್ಮ ನೆನಪೂ ಸರಿ. ಕೆಲವು ನಿಲಯಗಳು ಹಾಡು ಲವಲವಿಕೆಯಿಂದಿರಲೆಂದು ಟರ್ನ್‌ಟೇಬಲನ್ನು ತುಸು ಜೋರಾಗಿ ಓಡಿಸುತ್ತಿದ್ದವು. 45ರ ಬದಲು 46 ಸುತ್ತಾದರೆ ಹಾಡು ಶೇ 2.2ರಷ್ಟು ಬೇಗ, ಶ್ರುತಿ ಅರ್ಧಸ್ವರದ ಮೂರನೇ ಒಂದಕ್ಕಿಂತ ತುಸು ಹೆಚ್ಚು ಮೇಲೆ. ಜೊತೆಗೆ ಪ್ರಸಾರದಲ್ಲಿ ಕಂಪ್ರೆಸರ್ ಇರುತ್ತದೆ: ಮೆಲ್ಲನೆಯ ಸದ್ದನ್ನು ಎತ್ತಿ, ಜೋರಿನದನ್ನು ಅದುಮುತ್ತದೆ. ಹಿಂದಿನವರ ‘ಊ’ ಮುಖ್ಯ ಗಾಯಕನ ಹೆಗಲ ಪಕ್ಕಕ್ಕೆ ಬಂದು ನಿಲ್ಲುವುದು ಹಾಗಾಗಿಯೇ. ರೆಕಾರ್ಡಿನಲ್ಲಿ ಅದೇ ‘ಊ’ ಎರಡು ಹೆಜ್ಜೆ ಹಿಂದಿರುತ್ತದೆ. ಹಾಡಿದವರು ನಿಂತ ಜಾಗ ಅದು, ಸ್ವಲ್ಪ ದಿನ ಕೇಳಿ, ಕಿವಿ ಒಗ್ಗುತ್ತದೆ.

ಪ್ರ: ಎಲ್‌ಪಿ ಒಂದರ ಮೇಲೆ ‘ಸ್ಟೀರಿಯೊ’ ಎಂದಿದೆ. ದನಿ ಒಂದು ಕಡೆ ಗುಂಯ್ ಎಂದು, ಇನ್ನೊಂದು ಕಡೆ ಚುರುಚುರು ಎಂದು ಕೇಳುತ್ತದೆ.

ಉ: ಅದು 1960ರ ದಶಕದ ನಕಲಿ ಸ್ಟೀರಿಯೊ. ಮಾನೊ ಟೇಪನ್ನೇ ಎರಡಾಗಿಸಿ, ಒಂದು ಕಡೆ ಮಂದ್ರ, ಇನ್ನೊಂದು ಕಡೆ ತಾರ ಹೆಚ್ಚಿಸಿ, ನಡುವೆ ತುಸು ವಿಳಂಬ ಸೇರಿಸಿದ್ದು. ಕ್ಯಾಪಿಟಲ್ ಕಂಪನಿ ಇದನ್ನು ‘ಡ್ಯುವೊಫೋನಿಕ್’ ಎನ್ನುತ್ತಿತ್ತು. ಡೂ-ವಾಪಿಗೆ ಇದರಷ್ಟು ಅನ್ಯಾಯ ಇನ್ನೊಂದಿಲ್ಲ. ಒಂದೇ ಮೈಕಿನ ಸುತ್ತ ಒತ್ತಾಗಿ ನಿಂತವರನ್ನು ಹರಿದು ಎರಡು ಮೂಲೆಗೆ ಎಸೆದಂತೆ. ಇಲ್ಲಿ ಮಾನೊ ಗುಂಡಿಯೂ ಕಾಪಾಡುವುದಿಲ್ಲ, ವಿಳಂಬವಿರುವ ಎರಡು ದನಿ ಕೂಡಿದರೆ ಕೊಳವೆಯೊಳಗಿಂದ ಬಂದಂತೆ ಟೊಳ್ಳಾಗುತ್ತದೆ. ವಾಸಿಯೆನಿಸುವ ಒಂದು ಚಾನೆಲನ್ನು ಮಾತ್ರ ಎರಡೂ ಸ್ಪೀಕರಿಗೆ ಕೊಡಿ. ಕೊಳ್ಳುವುದೇ ಆದರೆ ಮಾನೊ ಪ್ರತಿ ಹುಡುಕಿ.

ಪ್ರ: ರೆಕಾರ್ಡುಗಳನ್ನು ಕಂಪ್ಯೂಟರಿಗೆ ಹಾಕಿಕೊಂಡೆ. ಗದ್ದಲ ತೆಗೆದ ಮೇಲೆ ಹಾಡು ನೀರಿನೊಳಗೆ ಹಾಡಿದಂತಿದೆ.

ಉ: ನಾಯ್ಸ್ ರಿಡಕ್ಷನ್ ಅತಿಯಾಗಿದೆ. ಅದು ‘ಸ’ ಕಾರದ ಗಾಳಿಯನ್ನೂ ಮಾರ್ದನಿಯ ಬಾಲವನ್ನೂ ಗದ್ದಲವೆಂದೇ ಬಗೆದು ಕತ್ತರಿಸುತ್ತದೆ. ಫ್ಲೆಮಿಂಗೋಸ್ ತಂಡದ 1959ರ ಹಾಡಿನಂತೆ ಮಾರ್ದನಿಯೇ ಜೀವವಾಗಿರುವ ರೆಕಾರ್ಡಿನಲ್ಲಿ ಉಳಿಯುವುದು ಬರೀ ಅಸ್ಥಿಪಂಜರ.

24 ಬಿಟ್, 96 ಕಿಲೊಹರ್ಟ್ಸ್, ಸ್ಟೀರಿಯೊದಲ್ಲೇ ಮುದ್ರಿಸಿಕೊಳ್ಳಿ. ಮೂರು ನಿಮಿಷದ ಹಾಡಿಗೆ ಸುಮಾರು 100 ಎಂಬಿ ಆಗುತ್ತದೆ. ಅತಿ ಜೋರಿನ ಜಾಗ –6 ಡೆಸಿಬೆಲ್ ದಾಟದಿರಲಿ. ಆಮೇಲೆ ಎಡ, ಬಲ ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ಕೇಳಿ. ಗ್ರೂವಿನ ಎರಡೂ ಗೋಡೆಗಳಲ್ಲಿ ಇರುವುದು ಒಂದೇ ಹಾಡು, ಸವೆತ ಮಾತ್ರ ಬೇರೆ ಬೇರೆ. ಒಂದು ಗೋಡೆ ಎದ್ದು ಕಾಣುವಷ್ಟು ಚೆನ್ನಾಗಿದ್ದರೆ ಅದನ್ನೇ ಇಟ್ಟುಕೊಳ್ಳಿ. ಎರಡೂ ಸಮವಿದ್ದರೆ ಕೂಡಿಸಿ ಸರಾಸರಿ ಮಾಡಿ, ಗದ್ದಲ ಸುಮಾರು 3 ಡೆಸಿಬೆಲ್ ಇಳಿಯುತ್ತದೆ. ಟಿಕ್ ಸದ್ದುಗಳನ್ನು ಮೊದಲು ತೆಗೆಯಿರಿ. ಜೋರಾದವನ್ನು ಕೈಯಾರೆ ಹುಡುಕಿ ತೆಗೆಯುವುದೇ ಮೇಲು. ಬಾಸ್‌ನವರ ‘ಬಮ್’ನ ಮೊದಲ ಏಟನ್ನು ಯಂತ್ರ ಟಿಕ್ ಎಂದು ತಪ್ಪು ತಿಳಿಯುವುದುಂಟು. ನಾಯ್ಸ್ ರಿಡಕ್ಷನ್ ಕೊನೆಗೆ, ಅದೂ 6 ಡೆಸಿಬೆಲ್ ಒಳಗೆ. ಮಾದರಿಯನ್ನು ಹಾಡು ಶುರುವಾಗುವ ಮುನ್ನದ ಖಾಲಿ ಗ್ರೂವಿನಿಂದ ಕೊಡಿ. ಏನನ್ನೂ ತೆಗೆಯದ ಮೂಲ ಫೈಲನ್ನು ಬೇರೆಯಾಗಿ ಇಟ್ಟುಕೊಳ್ಳಿ.

ಪ್ರ: ಓಲ್ಡೀಸ್ ನಿಲಯಗಳಲ್ಲಿ 1950ರ ದಶಕದ ಹಾಡೇ ಬರುವುದಿಲ್ಲವಲ್ಲ, ಏಕೆ?

ಉ: ಜಾಹೀರಾತಿನ ಲೆಕ್ಕ. ಅಲ್ಲಿ ಜಾಹೀರಾತುದಾರರು ಹಣ ಹಾಕುವುದು ಮುಖ್ಯವಾಗಿ 25ರಿಂದ 54 ವಯಸ್ಸಿನ ಕೇಳುಗರಿಗಾಗಿ. 1955ರಲ್ಲಿ ಹದಿನೈದರವರಾಗಿದ್ದವರು 1995ಕ್ಕೇ ಆ ಮಿತಿಯನ್ನು ದಾಟಿದರು. ಅವರ ಹಾಡುಗಳೂ ಅವರೊಂದಿಗೆ ಪಟ್ಟಿಯಿಂದ ಇಳಿದವು, ‘ಹಳೆಯ ಹಾಡು’ ಎಂದರೆ 70, 80ರ ದಶಕ ಎಂದಾಯಿತು. ನ್ಯೂಯಾರ್ಕಿನ 101.1 ಮೆಗಾಹರ್ಟ್ಸ್‌ನ ಡಬ್ಲ್ಯುಸಿಬಿಎಸ್-ಎಫ್‌ಎಂ 1972ರಿಂದ ಓಲ್ಡೀಸ್ ನಿಲಯವಾಗಿತ್ತು. ಭಾನುವಾರ ರಾತ್ರಿ ಡೂ-ವಾಪಿಗೆಂದೇ ಅಲ್ಲಿ ಕಾರ್ಯಕ್ರಮವಿತ್ತು. 2005ರ ಜೂನ್ 3ರಂದು ಆ ರೂಪವನ್ನೇ ಕೈಬಿಟ್ಟರು. 2007ರ ಜುಲೈನಲ್ಲಿ ಹಳೆಯ ಹಾಡುಗಳು ಮರಳಿದವು, ಆದರೆ ಪಟ್ಟಿ ಹೊಸ ಕಾಲದ ಕಡೆಗೆ ಸರಿದಿತ್ತು. ಲಾಸ್ ಏಂಜಲೀಸಿನಲ್ಲಿ ಆರ್ಟ್ ಲಬೋ ಮಾತ್ರ ಪಟ್ಟು ಬಿಡಲಿಲ್ಲ. 1959ರಲ್ಲೇ ಹಳೆಯ ಹಿಟ್‌ಗಳನ್ನು ಒಂದು ಎಲ್‌ಪಿಯಲ್ಲಿ ಕೂಡಿಸಿದವರು, ಕೇಳುಗರ ಹೆಸರು ಹೇಳಿ ಹಾಡು ಅರ್ಪಿಸುವ ಕಾರ್ಯಕ್ರಮವನ್ನು 2022ರಲ್ಲಿ ತಮ್ಮ 97ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ನಡೆಸಿದರು.

ಈಗ ಹುಡುಕಬೇಕಾದ್ದು ಕಾಲೇಜು ನಿಲಯಗಳ, ಸಣ್ಣ ಎ.ಎಂ. ನಿಲಯಗಳ ವಾರಾಂತ್ಯದ ಕಾರ್ಯಕ್ರಮಗಳಲ್ಲಿ. ಜಾಹೀರಾತಿನ ಒತ್ತಡ ಅಲ್ಲಿ ಕಡಿಮೆ.

ಪ್ರ: ಅಮೆರಿಕಕ್ಕೆ ಬಂದು ನೆಲೆಸಿದ್ದೇನೆ. ಜೊತೆಗೆ ತಂದ ಡಿಜಿಟಲ್ ರೇಡಿಯೊದಲ್ಲಿ ದೂರದ ಎ.ಎಂ. ನಿಲಯಗಳು ಸರಿಯಾಗಿ ಕೂರುತ್ತಿಲ್ಲ. ಆಂಟೆನಾ ಕಟ್ಟಿಕೊಳ್ಳಬಹುದೇ?

ಉ: ಆಂಟೆನಾಕ್ಕೆ ಮೊದಲು ಒಂದು ಸ್ವಿಚ್ ನೋಡಿ. ಅಮೆರಿಕದಲ್ಲಿ ಎ.ಎಂ. ನಿಲಯಗಳ ನಡುವಿನ ಅಂತರ 10 ಕಿಲೊಹರ್ಟ್ಸ್, ಎಲ್ಲ ಸಂಖ್ಯೆಗಳೂ ಸೊನ್ನೆಯಲ್ಲಿ ಮುಗಿಯುತ್ತವೆ. ನಿಮ್ಮ ರೇಡಿಯೊ 9ರ ಲೆಕ್ಕದಲ್ಲಿ ಹೆಜ್ಜೆ ಹಾಕುತ್ತಿರಬೇಕು. 1010ರ ನಿಲಯ ಬೇಕೆಂದರೆ ಅದು 1008ರಲ್ಲೋ 1017ರಲ್ಲೋ ನಿಲ್ಲುತ್ತದೆ. ಸೆಟ್ಟಿಂಗಿನಲ್ಲಿ 10ಕ್ಕೆ ಬದಲಿಸಿ.

ಇನ್ನು ಲೂಪ್ ಆಂಟೆನಾ. 60 ಸೆಂಟಿಮೀಟರ್ ಭುಜದ ಚೌಕ ಬರುವಂತೆ ಎರಡು ಮರದ ಪಟ್ಟಿಗಳನ್ನು ಶಿಲುಬೆಯಾಕಾರದಲ್ಲಿ ಜೋಡಿಸಿ. ಪಟ್ಟಿಗಳು ಸುಮಾರು 85 ಸೆಂ.ಮೀ. ಉದ್ದವಿರಲಿ. ನಾಲ್ಕು ತುದಿಗೂ ಅಡ್ಡಪಟ್ಟಿ ಬಡಿದು, ಅದರ ಮೇಲೆ 6 ಮಿಲಿಮೀಟರಿಗೊಂದರಂತೆ ಗೀರು ಹಾಕಿ, ಪ್ಲಾಸ್ಟಿಕ್ ಹೊದಿಕೆಯ ತಾಮ್ರದ ತಂತಿಯನ್ನು 14 ಸುತ್ತು ಬಿಗಿಯಾಗಿ ಸುತ್ತಿ. 35 ಮೀಟರ್ ತಂತಿ ಸಾಕು. ಎರಡು ತುದಿಗಳನ್ನು 365 ಪಿಕೊಫ್ಯಾರಡ್‌ನ ಗ್ಯಾಂಗ್ ಕಂಡೆನ್ಸರಿಗೆ (ನಿಲಯ ಹಿಡಿಯಲು ತಿರುಗಿಸುವ ಭಾಗಕ್ಕೆ) ಬೆಸೆಯಿರಿ. ಬೇರೇನೂ ಇಲ್ಲ, ಬ್ಯಾಟರಿಯೂ ಬೇಡ. ರೇಡಿಯೊವನ್ನು ಲೂಪಿನ ಹತ್ತಿರ, ಅದರ ಉದ್ದ ಬದಿ ಲೂಪಿನ ಮುಖಕ್ಕೆ ಲಂಬವಾಗುವಂತೆ ಇಡಿ. ರೇಡಿಯೊದ ಒಳ ಆಂಟೆನಾ ಆದ ಫೆರೈಟ್ ಕಡ್ಡಿ ಸಾಮಾನ್ಯವಾಗಿ ಉದ್ದುದ್ದಕ್ಕೆ ಇರುತ್ತದೆ. ರೇಡಿಯೊದಲ್ಲಿ ನಿಲಯ ಹಿಡಿದು ಕಂಡೆನ್ಸರನ್ನು ಮೆಲ್ಲಗೆ ತಿರುಗಿಸಿದರೆ ಒಂದು ಬಿಂದುವಿನಲ್ಲಿ ಸದ್ದು ತಟ್ಟನೆ ಎದ್ದು ನಿಲ್ಲುತ್ತದೆ. ಬ್ಯಾಂಡಿನ ಮೇಲ್ತುದಿ, 1600ರ ಆಸುಪಾಸು, ಸಿಗದಿದ್ದರೆ ಒಂದು ಸುತ್ತು ಬಿಚ್ಚಿ. ಕೆಳತುದಿ ಸಿಗದಿದ್ದರೆ ಒಂದು ಸುತ್ತು ಸೇರಿಸಿ.

ಲೂಪಿನ ಅಂಚು ನಿಲಯದ ಕಡೆಗಿದ್ದರೆ ಸದ್ದು ಹೆಚ್ಚು, ಮುಖ ಆ ಕಡೆಗಿದ್ದರೆ ನಿಲಯ ಮಾಯ. ಈ ಮಾಯವಾಗಿಸುವ ಗುಣವೇ ಹೆಚ್ಚು ಉಪಯೋಗಿ: ಅದೇ ಆವರ್ತನದಲ್ಲಿ ಬೇರೆ ನಿಲಯ ಅಡ್ಡ ಬಂದರೆ ಲೂಪಿನ ಮುಖವನ್ನು ಅದರ ಕಡೆ ತಿರುಗಿಸಿ ಅಳಿಸಿಬಿಡಿ. ದೂರದ ನಿಲಯಕ್ಕೆ ಕತ್ತಲಾದ ಮೇಲೆ ಕೂರಿ. ಹಗಲಲ್ಲಿ ಈ ತರಂಗಗಳನ್ನು ಹೀರುವ ಅಯಾನುಗೋಳದ ಡಿ ಪದರ ಸೂರ್ಯ ಮುಳುಗಿದ ಮೇಲೆ ಕರಗುತ್ತದೆ, ಮೇಲಿನ ಪದರಗಳು ತರಂಗವನ್ನು ನೂರಾರು ಮೈಲಿ ಆಚೆಗೆ ಮರಳಿ ಇಳಿಸುತ್ತವೆ. ದನಿ ಅಲೆಯಲೆಯಾಗಿ ಬಂದು ಹೋಗುವುದು ಸಹಜ. ಎಡೆಬಿಡದ ಗುಂಯ್‌ಗುಟ್ಟುವಿಕೆ ಮಾತ್ರ ಮನೆಯೊಳಗಿನದು. ಮೊಬೈಲ್ ಚಾರ್ಜರ್, ಎಲ್ಇಡಿ ಬಲ್ಬುಗಳನ್ನು ಒಂದೊಂದಾಗಿ ಕಿತ್ತು ನೋಡಿ, ತಪ್ಪಿತಸ್ಥ ಸಿಗುತ್ತಾನೆ.

ಪ್ರ: ಒಂದು 45ರಲ್ಲಿ ಎಳೆದು ಹಾಡಿದ ಕಡೆ ದನಿ ತೂಗುತ್ತದೆ. ವೇಗ ಪರೀಕ್ಷಿಸಿದ್ದೇನೆ, ಸರಿಯಿದೆ.

ಉ: ತೂಗುವಿಕೆಯನ್ನು ಎಣಿಸಿ. ನಾಲ್ಕು ಸೆಕೆಂಡಿಗೆ ಮೂರು ಸಲ ಆದರೆ ರೆಕಾರ್ಡು ನಡುಬಿಂದುವಿನಲ್ಲಿ ಕೂತಿಲ್ಲ. ದೊಡ್ಡ ತೂತಿನ ಅಗಲ 38 ಮಿಲಿಮೀಟರ್, ಅದರೊಳಗೆ ಕೂರಿಸುವ ಬಿಲ್ಲೆ, ಅಂದರೆ ಅಡಾಪ್ಟರ್, ಅದಕ್ಕಿಂತ ಕೂದಲೆಳೆಯಷ್ಟು ಸಣ್ಣದಿದ್ದರೂ ತಟ್ಟೆ ಪಕ್ಕಕ್ಕೆ ಸರಿದಿರುತ್ತದೆ. ರೆಕಾರ್ಡು ತಿರುಗುವಾಗ ಎದುರಿನಿಂದ, ಮುಳ್ಳು ಹೊತ್ತ ತೋಳಾದ ಟೋನ್‌ಆರ್ಮ್‌ನ ತಲೆ ನೋಡಿ: ಎಡಬಲಕ್ಕೆ ಓಲಾಡುತ್ತಿರುತ್ತದೆ. ತಲೆ ಹೊರಗಿನ ಅಂಚಿನ ಕಡೆ ಅತಿಹೆಚ್ಚು ಸರಿದ ಗಳಿಗೆಯಲ್ಲಿ ಮುಳ್ಳಿನಡಿ ರೆಕಾರ್ಡಿನ ಯಾವ ಜಾಗವಿದೆಯೋ ಗುರುತಿಟ್ಟುಕೊಳ್ಳಿ, ಲೇಬಲಿನ ಯಾವ ಅಕ್ಷರ ಅತ್ತ ತಿರುಗಿದೆ ಎಂದು ನೋಡಿದರೆ ಸಾಕು. ಮುಳ್ಳೆತ್ತಿ, ತಟ್ಟೆ ನಿಲ್ಲಿಸಿ, ಆ ಬದಿಯ ಅಂಚನ್ನು ನಡುವಿನ ಕಡೆಗೆ ಒಂದು ಕೂದಲೆಳೆಯಷ್ಟು ತಳ್ಳಿ ಮತ್ತೆ ಹಾಕಿ. ಮೂರು ನಾಲ್ಕು ಸಲಕ್ಕೆ ಓಲಾಟ ನಿಲ್ಲುತ್ತದೆ. ಜಾಗ ಉಳಿಯದಿದ್ದರೆ ಅಡಾಪ್ಟರಿನ ಅಂಚನ್ನು ಉಪ್ಪುಕಾಗದದಲ್ಲಿ ತುಸು ಉಜ್ಜಿ. ಉಜ್ಜುವುದು ಅಡಾಪ್ಟರನ್ನು ಮಾತ್ರ, ರೆಕಾರ್ಡಿನ ತೂತನ್ನಲ್ಲ.